ಹವಾನಾದಿಂದ ಹೊಸೂರು ರಸ್ತೆಗೆ

ಕೊಳ್ಳೇಗಾಲ, ಮಳವಳ್ಳಿ, ಕನಕಪುರ, ಹಾರೋಹಳ್ಳಿ ಕಡೆಯಿಂದ ಕನಕಪುರ ರಸ್ತೆ ಹಿಡಿದು ಬರುವ ಬಸ್ಸುಗಳು ನಮ್ಮ ಜರಗನಹಳ್ಳಿಯನ್ನು ದಾಟಿಕೊಂಡೇ ಬೆಂಗಳೂರಿನ ಒಳಗೆ ಹೋಗುತ್ತವೆ. ಮೆಟ್ರೊ ಕಂಬಗಳು ಎದ್ದದ್ದು ಇತ್ತೀಚೆಗೆ. ಬಸ್ಸಿನ ದಾರಿ ಮಾತ್ರ ಹಳೆಯದು. ಸಾರಕ್ಕಿ ದಾಟಿ, ಬನಶಂಕರಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಜಯನಗರದ ಮೇಲೆ ಹಾಯ್ದು ಡೇರಿ ಸರ್ಕಲ್ ಕಡೆ ಹೋದರೆ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸಿಗುತ್ತದೆ. ಬೆಳಗಿನ ಬಸ್ಸುಗಳಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ಕೂತ ಅಜ್ಜಿಯರನ್ನೂ, ಕುತ್ತಿಗೆಗೆ ಟವೆಲು ಸುತ್ತಿಕೊಂಡು ತೊಡೆಯ ಮೇಲೆ ಎಕ್ಸರೆ ಕವರು ಇಟ್ಟುಕೊಂಡ ಗಂಡಸರನ್ನೂ ನೋಡಿದವರಿಗೆ ಅವರು ಎಲ್ಲಿಗೆ ಹೊರಟಿದ್ದಾರೆಂದು ಬೇರೆ ಹೇಳಬೇಕಿಲ್ಲ.

ಹಳೆ ಮೈಸೂರಿನ ಹಳ್ಳಿಗಳಲ್ಲಿ ಎಲೆ ಅಡಿಕೆಯ ಜೊತೆಗೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವುದು ಹೆಂಗಸರಿಗೂ ಗಂಡಸರಿಗೂ ತಲೆಮಾರುಗಳಿಂದ ಬಂದ ರೂಢಿ. ಗದ್ದೆಯಲ್ಲಿ ಹಸಿವು ಮರೆಸಲು ಹಾಕಿದ್ದು, ಹಲ್ಲುನೋವಿಗೆ ಒತ್ತಿಟ್ಟದ್ದು, ಮದುವೆ ಮನೆಯಲ್ಲಿ ಮಡಿಸಿಕೊಟ್ಟದ್ದು, ಎಲ್ಲ ಸೇರಿ ಮೂವತ್ತು ವರ್ಷ ಕಳೆದ ಮೇಲೆ ಕೆನ್ನೆಯ ಒಳಗೆ ಆರದ ಹುಣ್ಣಾಗುತ್ತದೆ. ಈ ಹುಣ್ಣು, ಕ್ಯೂಬಾ ದೇಶದ ಒಂದು ಪ್ರಯೋಗಾಲಯ ಮತ್ತು ಹೊಸೂರು ರಸ್ತೆಯ ಒಂದು ಕಾರ್ಖಾನೆ 2000ರ ದಶಕದಲ್ಲಿ ಒಂದೇ ಕೆಲಸಕ್ಕೆ ಬಂದು ಸೇರಿದವು. 92 ಮಂದಿ ಭಾರತೀಯ ರೋಗಿಗಳ ಮೇಲೆ ನಡೆದ ಆ ಔಷಧ ಪ್ರಯೋಗದ ಕಥೆ ಕನ್ನಡದಲ್ಲಿ ದಾಖಲಾಗಬೇಕಾದದ್ದು, ಏಕೆಂದರೆ ಅದನ್ನು ಹೆಗಲ ಮೇಲೆ ಹೊತ್ತವರಲ್ಲಿ ಬಹಳ ಮಂದಿ ನಮ್ಮವರು.

ಕಥೆ ಹವಾನಾದಿಂದ ಶುರುವಾಗುವುದಿಲ್ಲ. ರೋಗಿಗಳನ್ನು ಎಣಿಸುವ ಕೆಲಸದಿಂದ ಶುರುವಾಗುತ್ತದೆ.

ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹಮದ್ ಕಿದ್ವಾಯಿ ಅವರ ಹೆಸರಿನ ಈ ಕ್ಯಾನ್ಸರ್ ಸಂಸ್ಥೆ ಆರಂಭವಾದದ್ದು 1973ರಲ್ಲಿ. 1980ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು, ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮಾನ್ಯತೆಯೂ ಬಂತು. ಡಾ. ಎಂ. ಕೃಷ್ಣ ಭಾರ್ಗವ ಅದರ ನಿರ್ದೇಶಕರಾಗಿದ್ದ ಆ ದಶಕದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಕ್ಯಾನ್ಸರ್ ಲೆಕ್ಕ ಹಿಡಿಯಲು ಒಂದು ರಾಷ್ಟ್ರೀಯ ನೋಂದಣಿ ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ಮುಂಬಯಿ, ಮದ್ರಾಸುಗಳ ಜೊತೆಗೆ ಬೆಂಗಳೂರಿನಲ್ಲೂ 1982ರಲ್ಲಿ ಈ ಕಾರ್ಯಕ್ರಮದಡಿ ಜನಸಂಖ್ಯೆ ಆಧರಿಸಿದ ನೋಂದಣಿ ಆರಂಭವಾಯಿತು. ಬೆಂಗಳೂರಿನ ದಫ್ತರ ಕಿದ್ವಾಯಿಯಲ್ಲಿತ್ತು.

ಈ ಕೆಲಸ ಹೇಗೆ ನಡೆಯುತ್ತದೆಂದು ಹೇಳಲೇಬೇಕು. ಭಾರತದಲ್ಲಿ ಕ್ಯಾನ್ಸರ್ ಆದರೆ ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು ಆಗ ಇರಲಿಲ್ಲ. ಹಾಗಾಗಿ ಮಾಹಿತಿ ತಾನಾಗಿ ಬರುವಂತಿರಲಿಲ್ಲ, ಹೋಗಿ ತರಬೇಕಿತ್ತು. ನೋಂದಣಿಯ ಸಿಬ್ಬಂದಿ ಸರಕಾರಿ ಆಸ್ಪತ್ರೆ, ನರ್ಸಿಂಗ್ ಹೋಮ್, ರಕ್ತಪರೀಕ್ಷೆ ಮತ್ತು ಗಡ್ಡೆ ಪರೀಕ್ಷೆಯ ಲ್ಯಾಬುಗಳಿಗೆ ಅಲೆದು, ಕೇಸ್ ಶೀಟು ತೆಗೆಸಿ, ಹೆಸರು, ವಯಸ್ಸು, ವಿಳಾಸ, ಯಾವ ಅಂಗ ಎಂಬುದನ್ನು ಫಾರಂಗಳಿಗೆ ಇಳಿಸಿಕೊಳ್ಳುತ್ತಿದ್ದರು. ನಗರಪಾಲಿಕೆಯ ಜನನ ಮರಣ ವಿಭಾಗಕ್ಕೆ ಹೋಗಿ ಮರಣದ ರಿಜಿಸ್ಟರುಗಳನ್ನು ತಾಳೆ ನೋಡುತ್ತಿದ್ದರು. ಒಬ್ಬನೇ ರೋಗಿ ಮೂರು ಆಸ್ಪತ್ರೆಗಳಲ್ಲಿ ಮೂರು ಬಗೆಯ ಕಾಗುಣಿತದಲ್ಲಿ ದಾಖಲಾಗಿದ್ದರೆ ಅದನ್ನು ಒಂದೇ ಎಂದು ಗುರುತಿಸಬೇಕಿತ್ತು. ಚಿಕಿತ್ಸೆ ಪಡೆದು ಹೋದವರು ಬದುಕಿದ್ದಾರೆಯೇ ಎಂದು ತಿಳಿಯಲು ಪತ್ರ ಬರೆಯುತ್ತಿದ್ದರು. ಉತ್ತರ ಬಾರದಿದ್ದರೆ ಮನೆ ಹುಡುಕಿಕೊಂಡು ಹೋಗುತ್ತಿದ್ದರು. ಬಡಾವಣೆಗಳು ದಿನಬೆಳಗಾದರೆ ಹುಟ್ಟುತ್ತಿದ್ದ ಬೆಂಗಳೂರಿನಲ್ಲಿ, ‘ಮಾರಮ್ಮನ ಗುಡಿ ಹಿಂದೆ’ ಎಂಬಂಥ ವಿಳಾಸ ಹಿಡಿದು ಬಾಡಿಗೆದಾರರನ್ನು ಹುಡುಕುವುದು ಎಷ್ಟು ಕಷ್ಟವೆಂದು ಈ ಊರಿನಲ್ಲಿ ಮನೆ ಬದಲಿಸಿದವರಿಗೆಲ್ಲ ಗೊತ್ತು.

ಈ ಅಲೆದಾಟದಿಂದ ಸಿಕ್ಕ ಫಲ ದೊಡ್ಡದು. ಡಾ. ಎ. ನಂದಕುಮಾರ್ ಮತ್ತು ಸಂಗಡಿಗರು ಬೆಂಗಳೂರಿನ ನೋಂದಣಿಯಿಂದ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ತೆಗೆದುಕೊಂಡು, ಅಷ್ಟೇ ಸಂಖ್ಯೆಯ ಕ್ಯಾನ್ಸರ್ ಇಲ್ಲದವರ ಜೊತೆ ಹೋಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆಸೊಪ್ಪಿನ ಜೊತೆ ಎಲೆ ಅಡಿಕೆ ಹಾಕುವ ಹೆಂಗಸರಿಗೆ ಅಪಾಯ ಸುಮಾರು 25 ಪಟ್ಟು ಹೆಚ್ಚೆಂದು ಕಂಡಿತು. ಎಷ್ಟು ವರ್ಷ ಜಗಿದರೋ, ದಿನಕ್ಕೆ ಎಷ್ಟು ಸಲವೋ, ಅದಕ್ಕೆ ತಕ್ಕಂತೆ ಅಪಾಯ ಏರುತ್ತಿತ್ತು. ಲಿಯಾನಿನಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಹೊರತರುವ ಜಾಗತಿಕ ಸಂಪುಟಗಳಲ್ಲಿ ಬೆಂಗಳೂರಿನ ಅಂಕಿಗಳು ಅಚ್ಚಾಗತೊಡಗಿದವು. ಯಾವ ದೇಶದ ವಿಜ್ಞಾನಿಗೂ ಇಲ್ಲಿ ಯಾವ ಕಾಯಿಲೆ ಎಷ್ಟಿದೆ ಎಂದು ತಿಳಿಯುವಂತಾಯಿತು. ಅಂತರರಾಷ್ಟ್ರೀಯ ಸಹಯೋಗಗಳ ಮಾತು ಬಂದಾಗ ಒಪ್ಪಂದಕ್ಕೆ ಸಹಿ ಹಾಕಿದವರ ಫೋಟೊ ಅಚ್ಚಾಗುತ್ತದೆ. ನನ್ನ ಮಟ್ಟಿಗೆ ಬೆಂಗಳೂರಿನ ಪಾಲಿನ ಮೊದಲ ಶಿಲ್ಪಿಗಳು ಫಾರಂ ತುಂಬುತ್ತಾ ಬಿಸಿಲಲ್ಲಿ ತಿರುಗಿದ ಈ ಸಿಬ್ಬಂದಿ.

ಹಲವು ಊರುಗಳು ಒಂದೇ ಚಿಕಿತ್ಸಾ ಕ್ರಮ ಹಿಡಿದರೆ ಏನಾಗುತ್ತದೆಂಬುದಕ್ಕೆ ಪಕ್ಕದ ಮದ್ರಾಸಿನಲ್ಲೇ ಒಂದು ಉದಾಹರಣೆ ಇತ್ತು. 1980ರ ದಶಕದ ಆರಂಭದಲ್ಲಿ ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನಮ್ಮ ದೇಶದಲ್ಲಿ ಉಳಿಯುತ್ತಿದ್ದವರು ನೂರಕ್ಕೆ 20ಕ್ಕೂ ಕಡಿಮೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಇಯಾನ್ ಮ್ಯಾಗ್ರಾತ್ ಅವರು ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯ ಡಾ. ವಿ. ಶಾಂತಾ, ಮುಂಬಯಿ ಟಾಟಾ ಆಸ್ಪತ್ರೆಯ ಡಾ. ಸುರೇಶ್ ಆಡ್ವಾಣಿ ಮತ್ತು ದೆಹಲಿಯ ಏಮ್ಸ್ ವೈದ್ಯರ ಜೊತೆ ಕೂತು ಎಂಸಿಪಿ-841 ಎಂಬ ಒಂದು ಕ್ರಮ ರೂಪಿಸಿದರು. ಇಲ್ಲಿ ಸಿಗುವ ಔಷಧ, ಇಲ್ಲಿನ ಹಾಸಿಗೆಗಳ ಸಂಖ್ಯೆ, ಇಲ್ಲಿನ ಮನೆಯವರ ಕೈಗೆ ಎಟುಕುವ ಖರ್ಚು, ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಕ್ರಮವದು. ಸಾವಿರಕ್ಕೂ ಹೆಚ್ಚು ರೋಗಿಗಳ ಅನುಭವವನ್ನು 2005ರಲ್ಲಿ ಒಟ್ಟುಗೂಡಿಸಿ ನೋಡಿದಾಗ ನಾಲ್ಕು ವರ್ಷದ ಬಳಿಕವೂ ಕಾಯಿಲೆ ಮರುಕಳಿಸದೆ ಇದ್ದವರು ಕೇಂದ್ರದಿಂದ ಕೇಂದ್ರಕ್ಕೆ ನೂರಕ್ಕೆ 40ರಿಂದ 60. ದೇಶದ ಬೇರೆ ಆಸ್ಪತ್ರೆಗಳೂ ಅದೇ ಕ್ರಮ ಹಿಡಿದವು.

ಇನ್ನೊಂದು ಪಕ್ಕದಲ್ಲಿ ಕಹಿ ಉದಾಹರಣೆಯೂ ಇತ್ತು. 1999-2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ 26 ಬಾಯಿ ಕ್ಯಾನ್ಸರ್ ರೋಗಿಗಳ ಮೇಲೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ರಾಸಾಯನಿಕವನ್ನು ಪ್ರಯೋಗಿಸಲಾಗಿತ್ತು. 2001ರಲ್ಲಿ ವಿಷಯ ಹೊರಬಿದ್ದು ದೊಡ್ಡ ಗದ್ದಲವಾಯಿತು. ತನ್ನ ನೀತಿ ಸಮಿತಿಯ ಒಪ್ಪಿಗೆ ಪಡೆಯದೆ ಈ ಕೆಲಸ ನಡೆದಿದೆಯೆಂದು ಆ ವಿಶ್ವವಿದ್ಯಾಲಯವೇ ಅದೇ ವರ್ಷ ಹೇಳಿತು. ಕೇರಳದ ಆ ಸುದ್ದಿ ದಕ್ಷಿಣದ ಕ್ಯಾನ್ಸರ್ ಆಸ್ಪತ್ರೆಗಳಿಗೆಲ್ಲ ಒಂದು ಪ್ರಶ್ನೆ ಬಿಟ್ಟುಹೋಯಿತು: ಹೊರದೇಶದ ಔಷಧವನ್ನು ನಮ್ಮ ರೋಗಿಗಳಿಗೆ ಕೊಡುವಾಗ ಅವರ ಪರವಾಗಿ ಕಣ್ಣಿಟ್ಟು ಕಾಯುವವರು ಯಾರು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೈತಿಕ ಮಾರ್ಗಸೂಚಿ 2000ದಲ್ಲೇ ಬಂದಿತ್ತು. ಅದನ್ನು ಕಪಾಟಿನಿಂದ ತೆಗೆದು ಗಂಭೀರವಾಗಿ ಓದಬೇಕಾದ ಅನಿವಾರ್ಯ ಈಗ ಬಂತು.

ಇಷ್ಟರಲ್ಲಿ ಹವಾನಾದಲ್ಲಿ ಏನಾಗಿತ್ತೆಂದು ನೋಡೋಣ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಕ್ಯೂಬಾದಲ್ಲಿ ಪೆಟ್ರೋಲಿಗೂ ಬ್ರೆಡ್ಡಿಗೂ ತತ್ವಾರ. ಅಮೆರಿಕದ ದಿಗ್ಬಂಧನ 1962ರಿಂದ ಹಾಗೆಯೇ ಮುಂದುವರಿದಿತ್ತು. ಅಂಥ ಹೊತ್ತಿನಲ್ಲಿ ಆ ದೇಶ ಜೈವಿಕ ವಿಜ್ಞಾನಕ್ಕೆ ಹಣ ಹಾಕುವುದನ್ನು ನಿಲ್ಲಿಸಲಿಲ್ಲ. 1994ರಲ್ಲಿ ಹವಾನಾದಲ್ಲಿ ಆಣವಿಕ ರೋಗನಿರೋಧ ವಿಜ್ಞಾನದ ಕೇಂದ್ರವನ್ನು ತೆರೆದರು. ಅದರ ಸ್ಥಾಪಕ ನಿರ್ದೇಶಕ ಅಗಸ್ಟೀನ್ ಲಾಹೆ. ಅಲ್ಲಿನವರ ಗುರಿಗಳಲ್ಲೊಂದು ಕ್ಯಾನ್ಸರ್ ಜೀವಕೋಶಗಳ ಮೇಲ್ಮೈಯಲ್ಲಿರುವ ಇಜಿಎಫ್ಆರ್ ಎಂಬ ಗ್ರಾಹಕ. ಬೆಳೆಯಲು ಹೇಳುವ ಸಂಕೇತ ಬಂದು ಕೂರುವ ಜಾಗವದು. ಬಾಯಿ ಮತ್ತು ಗಂಟಲಿನ ಕ್ಯಾನ್ಸರುಗಳಲ್ಲಿ ಈ ಗ್ರಾಹಕ ವಿಪರೀತ ಸಂಖ್ಯೆಯಲ್ಲಿರುತ್ತದೆ. ಆ ಜಾಗವನ್ನು ಮೊದಲೇ ಹೋಗಿ ಹಿಡಿದುಕೊಳ್ಳುವ ಪ್ರತಿಕಾಯವೊಂದು ಸಿಕ್ಕರೆ ಸಂಕೇತಕ್ಕೆ ಕೂರಲು ಎಡೆಯೇ ಇರುವುದಿಲ್ಲ. ಕ್ಯೂಬಾದವರು ಮೊದಲು ಇಲಿಯಲ್ಲಿ ಇಂಥ ಪ್ರತಿಕಾಯ ತಯಾರಿಸಿದರು. ಇಲಿಯ ಪ್ರೋಟೀನು ನೇರವಾಗಿ ಮನುಷ್ಯರ ಮೈಗೆ ಒಗ್ಗುವುದಿಲ್ಲ. ಆದ್ದರಿಂದ ಗ್ರಾಹಕವನ್ನು ಹಿಡಿಯುವ ತುದಿಯನ್ನಷ್ಟೇ ಉಳಿಸಿಕೊಂಡು ಮಿಕ್ಕ ಭಾಗವನ್ನು ಮನುಷ್ಯರ ಪ್ರತಿಕಾಯದಂತೆ ಮರುರೂಪಿಸಿದರು. ಎಚ್-ಆರ್3 ಎಂದು ಕರೆದದ್ದು ಇದನ್ನೇ, ನಂತರ ನಿಮೋಟುಜುಮ್ಯಾಬ್ ಎಂಬ ಹೆಸರು ನಿಂತಿತು. ಡಾ. ತಾನಿಯಾ ಕ್ರೊಂಬೆಟ್ ಮತ್ತು ಸಂಗಡಿಗರು 24 ರೋಗಿಗಳಿಗೆ ವಿಕಿರಣ ಚಿಕಿತ್ಸೆಯ ಜೊತೆ ಇದನ್ನು ಕೊಟ್ಟು 2004ರಲ್ಲಿ ವರದಿ ಮಾಡಿದರು. ಇದೇ ಜಾತಿಯ ಬೇರೆ ಔಷಧಗಳಲ್ಲಿ ಮುಖ ಮೈಯೆಲ್ಲ ಗುಳ್ಳೆ ಏಳುತ್ತಿದ್ದರೆ, ಈ ಔಷಧಕ್ಕೆ ಚರ್ಮ ಕೆಡಲಿಲ್ಲ.

24 ಮಂದಿಯಿಂದ ಯಾವ ಔಷಧವೂ ಸಾಬೀತಾಗುವುದಿಲ್ಲ. ಕ್ಯೂಬಾದ ಇಡೀ ಜನಸಂಖ್ಯೆ ಆಗ 1 ಕೋಟಿ 10 ಲಕ್ಷದ ಆಸುಪಾಸು. ದಿಗ್ಬಂಧನದಿಂದಾಗಿ ಅಮೆರಿಕದ ಆಸ್ಪತ್ರೆಗಳ ಬಾಗಿಲು ಅವರಿಗೆ ಮುಚ್ಚಿದಂತೆಯೇ ಇತ್ತು. ಬಾಯಿ ಗಂಟಲಿನ ಕ್ಯಾನ್ಸರು ಹೆಚ್ಚಿರುವ, ವಿಕಿರಣ ಚಿಕಿತ್ಸೆಯ ಯಂತ್ರಗಳೂ ಅನುಭವಸ್ಥ ವೈದ್ಯರೂ ಇರುವ, ಔಷಧವನ್ನು ತಾನೇ ತಯಾರಿಸಿಕೊಳ್ಳಬಲ್ಲ ದೇಶ ಅವರಿಗೆ ಬೇಕಿತ್ತು.

ಆ ಕೊನೆಯ ಅರ್ಹತೆಯನ್ನು ಒದಗಿಸಿದ್ದು ಬಯೋಕಾನ್. ಕಿರಣ್ ಮಜುಂದಾರ್ ಅವರು 1978ರಲ್ಲಿ ಐರಿಷ್ ಕಂಪನಿಯೊಂದರ ಪಾಲುದಾರಿಕೆಯಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ ಶುರುಮಾಡಿದ ಈ ಕಂಪನಿ ಮೊದಲು ತಯಾರಿಸುತ್ತಿದ್ದುದು ಪರಂಗಿ ಹಣ್ಣಿನ ಪಪೇನ್‌ನಂಥ ಕಿಣ್ವಗಳನ್ನು. ಕಿಣ್ವಗಳ ಆ ಅನುಭವದ ಮೇಲೆ ಅದು ಔಷಧಗಳತ್ತ ಹೊರಳಿತ್ತು. ಔಷಧ ಪ್ರಯೋಗಗಳನ್ನು ನಡೆಸಲೆಂದೇ 2000ದಲ್ಲಿ ಕ್ಲಿನಿಜೀನ್ ಎಂಬ ಅಂಗಸಂಸ್ಥೆಯನ್ನೂ ತೆರೆದಿತ್ತು. ಹವಾನಾ ಕೇಂದ್ರದ ವಾಣಿಜ್ಯ ಅಂಗವಾದ ಸಿಮ್ಯಾಬ್ ಜೊತೆ ಬಯೋಕಾನ್ ಜಂಟಿ ಕಂಪನಿ ಮಾಡಿತು. ಪಾಲು 51ಕ್ಕೆ 49. ಹೊಸೂರು ರಸ್ತೆಯಲ್ಲಿ ಕಿದ್ವಾಯಿಯಿಂದ ಇನ್ನೂ ಮುಂದೆ ಹೋದರೆ ಸಿಗುವ ಬೊಮ್ಮಸಂದ್ರದ ಕಡೆ ಕಾರ್ಖಾನೆ ಎದ್ದಿತು. ಅಲ್ಲಿ ದೊಡ್ಡ ಉಕ್ಕಿನ ಪಾತ್ರೆಗಳಲ್ಲಿ ಜೀವಕೋಶಗಳನ್ನು ಸಾಕಿ, ಅವು ಸ್ರವಿಸುವ ಪ್ರತಿಕಾಯವನ್ನು ಶೋಧಿಸಿ ತೆಗೆಯುತ್ತಾರೆ. ಹವಾನಾದವರು ವಿದ್ಯೆ ಕೊಟ್ಟರು, ಬೆಂಗಳೂರಿನವರು ಕೈ ಹಚ್ಚಿದರು. ಶ್ರೀಮಂತ ದೇಶವೊಂದು ಬಡ ದೇಶದ ರೋಗಿಗಳನ್ನು ಬಳಸಿಕೊಂಡಿತೆಂಬ ಆಪಾದನೆಗೆ ಇಲ್ಲಿ ಆಸ್ಪದ ಕಡಿಮೆ. ಎರಡೂ ಕಡೆ ಇದ್ದದ್ದು ಕೊರತೆಯನ್ನು ಬಲ್ಲ ದೇಶಗಳೇ. ಈ ಸಂಗತಿ ನನಗೆ ತೀರಾ ಮುಖ್ಯವೆನಿಸುತ್ತದೆ.

ಪ್ರಯೋಗಕ್ಕೆ ಬೆಸ್ಟ್ ಎಂದು ಹೆಸರು. ಕಿದ್ವಾಯಿಯ ಡಾ. ಬಿ.ಕೆ.ಎಂ. ರೆಡ್ಡಿ, ಡಾ. ವಿ. ಲೋಕೇಶ್, ಡಾ. ಕೆ. ಗೋವಿಂದ ಬಾಬು, ಡಾ. ಪಿ.ಪಿ. ಬಾಪ್ಸಿ, ಮಣಿಪಾಲದ ಡಾ. ಎಂ.ಎಸ್. ವಿದ್ಯಾಸಾಗರ್ ಮೊದಲಾದವರು ಅದರ ವೈದ್ಯರು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಷ್ಟು ಬಲಿತ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರ್ ಇದ್ದವರನ್ನು ಆಯ್ದುಕೊಂಡರು. ನಾಲ್ಕು ಗುಂಪು, ಗುಂಪಿಗೆ 23 ಮಂದಿ. ಎರಡು ಗುಂಪಿಗೆ ಕೀಮೊ ಇಲ್ಲದೆ ವಿಕಿರಣ ಚಿಕಿತ್ಸೆ, ಅವುಗಳಲ್ಲಿ ಒಂದಕ್ಕೆ ಜೊತೆಗೆ ಹೊಸ ಪ್ರತಿಕಾಯ. ಮಿಕ್ಕ ಎರಡಕ್ಕೆ ವಿಕಿರಣದ ಜೊತೆ ಸಿಸ್ಪ್ಲಾಟಿನ್ ಕೀಮೊ, ಅವುಗಳಲ್ಲೂ ಒಂದಕ್ಕೆ ಪ್ರತಿಕಾಯ. ಪ್ರತಿಕಾಯ ಯಾರಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸುವುದು ಇಂಥ ಪ್ರಯೋಗದ ಕಟ್ಟುನಿಟ್ಟು. ಹೊಸ ಔಷಧ ಸಿಕ್ಕವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ, ಆರು ವಾರ ಡ್ರಿಪ್ಪಿನಲ್ಲಿ ಕೊಟ್ಟರು.

ಕಾಗದದ ಮೇಲೆ ಇದು ಒಂದೇ ಪ್ಯಾರಾ. ರೋಗಿಯ ಮೈಮೇಲೆ ಹಾಗಲ್ಲ. ‘ಕರೆಂಟು ಕೊಡಿಸಿಕೊಳ್ಳುವುದು’ ಎಂದು ನಮ್ಮ ಹಳ್ಳಿಯವರು ಹೇಳುವ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನ, ಆರೇಳು ವಾರ. ತಲೆ ಅಲ್ಲಾಡದಂತೆ ಮುಖಕ್ಕೆ ಅಚ್ಚು ತೆಗೆದ ಮಾಸ್ಕು ಬಿಗಿಯುತ್ತಾರೆ. ಮೂರನೆಯ ವಾರದ ಹೊತ್ತಿಗೆ ಬಾಯೊಳಗಿನ ಪೊರೆ ಸುಲಿದು ಕೆಂಪಾಗುತ್ತದೆ. ಅನ್ನ ಇಳಿಯುವುದಿಲ್ಲ, ಖಾರ ಮುಟ್ಟಿಸುವಂತಿಲ್ಲ, ರಾಗಿ ಗಂಜಿಯನ್ನೂ ಆರಿಸಿ ತೆಳ್ಳಗೆ ಮಾಡಿ ಗುಟುಕರಿಸಬೇಕು. ಜೊಲ್ಲು ಒಣಗುತ್ತದೆ, ರುಚಿ ಹೋಗುತ್ತದೆ. ಕೂಲಿ ಬಿಟ್ಟು ಒಬ್ಬರು ಜೊತೆಗಿರಬೇಕು, ರಾತ್ರಿ ತಂಗಲು ಜಾಗ ಬೇಕು. ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವವರು ಅದಕ್ಕೇ ಅಷ್ಟೊಂದು ಮಂದಿ. ಇಂಥ ಕಷ್ಟದ ನಡುವೆ ರಕ್ತ ಕೊಡಿ, ಮತ್ತೊಂದು ಸ್ಕ್ಯಾನ್ ಮಾಡಿಸಿ, ಇಂಥ ತಾರೀಕಿಗೇ ಬನ್ನಿ ಎಂದು ಪ್ರಯೋಗ ಕೇಳುತ್ತದೆ.

ಅದಕ್ಕೂ ಮೊದಲು ಒಪ್ಪಿಗೆ ಪತ್ರ. ಹೊಸ ಔಷಧ ನಿಮಗೆ ಸಿಗದೆಯೂ ಇರಬಹುದು, ಸಿಕ್ಕರೂ ಕೆಲಸ ಮಾಡದಿರಬಹುದು, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ. ಇಷ್ಟನ್ನು ರೋಗಿಯ ಭಾಷೆಯಲ್ಲೇ ತಿಳಿಸಬೇಕು. ಓದು ಬಾರದವರಾದರೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿಯ ಎದುರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ‘ಡಾಕ್ಟ್ರೇ, ನೀವು ಹೇಳಿದ ಹಾಗೆ ಆಗ್ಲಿ’ ಎಂದು ಕೈಮುಗಿಯುವ ನಮ್ಮ ಜನರ ಎದುರು ಈ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸುವುದು ಸುಲಭದ ಮಾತಲ್ಲ. ಕೈಮುಗಿದವರನ್ನು ಕೂರಿಸಿ ಇನ್ನೊಮ್ಮೆ ಬಿಡಿಸಿ ಹೇಳುವ ತಾಳ್ಮೆ ಇದ್ದಷ್ಟೇ ಆ ಕಾಗದಕ್ಕೆ ಬೆಲೆ.

ಮೊದಲ ಫಲಿತಾಂಶಗಳ ಆಧಾರದ ಮೇಲೆ 2006ರಲ್ಲಿ ಭಾರತದ ಔಷಧ ನಿಯಂತ್ರಕರ ಅನುಮತಿ ದೊರೆತು, ಬಯೋಮ್ಯಾಬ್ ಇಜಿಎಫ್ಆರ್ ಎಂಬ ಹೆಸರಿನಲ್ಲಿ ಔಷಧ ಮಾರುಕಟ್ಟೆಗೆ ಬಂತು. ವೈದ್ಯರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ರೋಗಿಗಳನ್ನು ಐದು ವರ್ಷ ಹಿಂಬಾಲಿಸಿದರು. 2014ರಲ್ಲಿ ‘ಓರಲ್ ಆಂಕಾಲಜಿ’ ಪತ್ರಿಕೆಯಲ್ಲಿ ಪೂರ್ಣ ವರದಿ ಬಂತು. ವಿಕಿರಣ ಮತ್ತು ಕೀಮೊ ಜೊತೆಗೆ ಪ್ರತಿಕಾಯವನ್ನೂ ಪಡೆದವರಲ್ಲಿ ಐದು ವರ್ಷ ಬದುಕುಳಿದವರು ನೂರಕ್ಕೆ 57, ಪ್ರತಿಕಾಯವಿಲ್ಲದ ಗುಂಪಿನಲ್ಲಿ 26. ಕೀಮೊ ಇಲ್ಲದೆ ವಿಕಿರಣ ಪಡೆದವರಲ್ಲಿ ಪ್ರತಿಕಾಯ ಇದ್ದವರು 39, ಇಲ್ಲದವರು 26.

ಅಂಕಿಗಳು ಆಸೆ ಹುಟ್ಟಿಸುತ್ತವೆ. ಆದರೆ 23 ಮಂದಿಯ ಗುಂಪಿನಲ್ಲಿ ಇಬ್ಬರು ಮೂವರು ಆಚೀಚೆ ಆದರೂ ಶೇಕಡಾವಾರು ಹತ್ತರ ಆಸುಪಾಸು ಅಂಕ ಜಿಗಿಯುತ್ತದೆ. ಕೀಮೊ ಇಲ್ಲದ ಗುಂಪುಗಳ ನಡುವಿನ ಅಂತರ ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲಲಿಲ್ಲ. ಯಾರಿಗೆ ಯಾವ ಔಷಧ ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿದೇ ಇತ್ತು. ಇದೇ ಜಾತಿಯ ಸೆಟುಕ್ಸಿಮ್ಯಾಬ್ ಮೇಲಿನ 424 ರೋಗಿಗಳ ಪ್ರಯೋಗ 2006ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಪ್ರಕಟವಾಗಿತ್ತೆಂಬುದನ್ನು ನೆನೆದರೆ ನಮ್ಮದು ಎಷ್ಟು ಚಿಕ್ಕದೆಂದು ತಿಳಿಯುತ್ತದೆ. 92 ಮಂದಿಯ ಪ್ರಯೋಗದ ಮೇಲೆ ಒಂದು ದುಬಾರಿ ಔಷಧವನ್ನು ಎಲ್ಲರಿಗೂ ಬರೆದುಕೊಡುವುದು ಸರಿಯಲ್ಲ ಎಂದ ವೈದ್ಯರ ಮಾತಿನಲ್ಲಿ ತೂಕವಿತ್ತು. ಬೆಲೆಯ ಮಾತಂತೂ ಬೇರೆ. ಕನಕಪುರ ರಸ್ತೆಯ ಬಸ್ಸಿನಲ್ಲಿ ಬರುವವರು ಇದನ್ನು ಸ್ವಂತ ಹಣದಿಂದ ಕೊಳ್ಳುವಂತೆಯೇ ಇರಲಿಲ್ಲ. ಯಾರ ಕಾಯಿಲೆಯಿಂದ ಔಷಧದ ಗುಣ ತಿಳಿಯಿತೋ ಅವರ ಕೈಗೇ ಅದು ಎಟುಕದೆ ಹೋದದ್ದು ಈ ಕಥೆಯ ನೋವಿನ ಭಾಗ, ಅದನ್ನು ಮುಚ್ಚಿಡಬಾರದು.

ಪಾಲುದಾರಿಕೆಯೂ ಬಹುಕಾಲ ಉಳಿಯಲಿಲ್ಲ. 2010ರಲ್ಲಿ ಬಯೋಕಾನ್ ಕ್ಯೂಬಾದವರ ಪಾಲನ್ನು ಕೊಂಡುಕೊಂಡಿತು. ಔಷಧ ಪ್ರಯೋಗಗಳ ಸುತ್ತಣ ಕಾನೂನು ಈ ಅವಧಿಯಲ್ಲಿ ಪೂರ್ತಿ ಬದಲಾಯಿತು. 2007ರಲ್ಲಿ ಸಾರ್ವಜನಿಕರೂ ನೋಡಬಹುದಾದ ಪ್ರಯೋಗಗಳ ನೋಂದಣಿ ಬಂತು, 2009ರಿಂದ ಅದು ಕಡ್ಡಾಯವಾಯಿತು. ಸುಪ್ರೀಂ ಕೋರ್ಟಿನಲ್ಲಿ ನಡೆದ ಮೊಕದ್ದಮೆಯ ಬಿಸಿಗೆ 2013ರಲ್ಲಿ ಪ್ರಯೋಗದಿಂದ ಹಾನಿಯಾದವರಿಗೆ ಪರಿಹಾರ ಕೊಡಬೇಕೆಂಬ ನಿಯಮ, ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕೆಂಬ ನಿಯಮ ಬಂದವು. ಕೆಲಕಾಲ ದೇಶದಲ್ಲಿ ಪ್ರಯೋಗಗಳೇ ನಿಂತಂತಾಗಿ, 2019ರ ಹೊಸ ನಿಯಮಗಳಿಂದ ದಾರಿ ಮತ್ತೆ ತೆರೆಯಿತು.

ಬೆಂಗಳೂರಿನವರು ಎತ್ತಿದ ಪ್ರಶ್ನೆಗೆ ದೊಡ್ಡ ಉತ್ತರ ಮುಂಬಯಿಯಿಂದ ಬಂತು. ಟಾಟಾ ಆಸ್ಪತ್ರೆಯ ಡಾ. ವಿಜಯ್ ಪಾಟೀಲ್ ಮತ್ತು ಸಂಗಡಿಗರು 536 ರೋಗಿಗಳ ಮೇಲೆ ಇದೇ ಪ್ರತಿಕಾಯವನ್ನು ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದರು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮುಂದುವರಿಯದೆ ಇದ್ದವರು ಪ್ರತಿಕಾಯದ ಗುಂಪಿನಲ್ಲಿ ನೂರಕ್ಕೆ 61.8, ಇನ್ನೊಂದರಲ್ಲಿ 50.1. ಬದುಕುಳಿದವರ ಸಂಖ್ಯೆಯಲ್ಲೂ ಅಂತರ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟಲ್ಲ. ಬೆಸ್ಟ್ ತೋರಿಸಿದ್ದಕ್ಕಿಂತ ಲಾಭ ಚಿಕ್ಕದು, ಆದರೂ ಅದು ತೋರಿದ ದಿಕ್ಕು ಸರಿಯಾಗಿತ್ತು. ಚಿಕ್ಕ ಪ್ರಯೋಗವೊಂದು ಮಾಡಬಹುದಾದ ಅತ್ಯುತ್ತಮ ಕೆಲಸ ಅದೇ ಎಂದು ನಾನು ನಂಬಿದ್ದೇನೆ.

ಹೊಸೂರು ರಸ್ತೆಗೆ ಈಗ ಇನ್ನೊಂದು ದೂರದ ಊರಿನ ನಂಟು ಬೆಳೆದಿದೆ. ಬಾರ್ಸಿಲೋನಾದ ಕ್ಲಿನಿಕ್ ಆಸ್ಪತ್ರೆಯವರು ರಕ್ತದ ಕ್ಯಾನ್ಸರಿಗೆ ರೋಗಿಯದೇ ಜೀವಕೋಶಗಳನ್ನು ಹೊರತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಮಾರ್ಪಡಿಸಿ, ಮರಳಿ ಮೈಗೆ ಸೇರಿಸುವ ಕಾರ್-ಟಿ ಚಿಕಿತ್ಸೆಯನ್ನು ರೂಪಿಸಿದರು. ಲುಕೇಮಿಯಾ ಬಂದ ಹುಡುಗಿಯೊಬ್ಬಳ ತಾಯಿ ಊರೂರಿನಿಂದ ದೇಣಿಗೆ ಎತ್ತಿ ಅದಕ್ಕೆ ಬಲ ತುಂಬಿದ್ದರು. ಆ ವಿದ್ಯೆಯನ್ನು ಪಡೆದು ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯ ಆವರಣದಲ್ಲಿ ಇಮ್ಯುನೀಲ್ ಎಂಬ ಕಂಪನಿ 2022ರಲ್ಲಿ ಪ್ರಯೋಗ ಶುರುಮಾಡಿತು. ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಷಾ ಮತ್ತು ಡಾ. ಸಿದ್ಧಾರ್ಥ ಮುಖರ್ಜಿ ಅದರ ಸ್ಥಾಪಕರಲ್ಲಿ ಸೇರಿದ್ದಾರೆ. 2025ರ ಜನವರಿಯಲ್ಲಿ ಕ್ವಾರ್ಟೆಮಿ ಎಂಬ ಹೆಸರಿನಲ್ಲಿ ಚಿಕಿತ್ಸೆ ಬಳಕೆಗೆ ಬಂತು. ಜೀನು ಮಾರ್ಪಡಿಸಿದ ಇಂಥ ಚಿಕಿತ್ಸೆ ಪಡೆದವರನ್ನು 15 ವರ್ಷ ಗಮನಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಕರ ಸೂಚನೆಯಿದೆ. ಹಾಗೆ ಗಮನಿಸಬೇಕಾದರೆ ರೋಗಿ ಮನೆ ಬದಲಿಸಿದಾಗ ಹೊಸ ವಿಳಾಸ ಬರೆದುಕೊಳ್ಳುವವರು, ಫೋನು ಸಿಗದಿದ್ದರೆ ಹುಡುಕಿಕೊಂಡು ಹೋಗುವವರು ಬೇಕು. ಆ ಹುದ್ದೆಗಳಿಗೆ ಸಂಬಳ ಕೊಡುವ ಹಣವನ್ನು ಪ್ರಯೋಗ ಶುರುವಾಗುವ ಮೊದಲೇ ತೆಗೆದಿಡಬೇಕು, ಔಷಧಕ್ಕೆ ತೆಗೆದಿಡುವ ಹಾಗೆಯೇ.